ನರದ ಮಾತು ಸ್ನಾಯುವಿಗೆ ಮುಟ್ಟದಿದ್ದಾಗ

ಕಟ್ಟುಹಾವು ಕಚ್ಚಿದ ಜಾಗದಲ್ಲಿ ಊತ ಇಲ್ಲವೆನ್ನುವಷ್ಟು ಕಡಿಮೆ, ನೋವೂ ಅಷ್ಟೇ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಎಷ್ಟೋ ಸಲ ಕಚ್ಚಿದ್ದೇ ತಿಳಿಯುವುದಿಲ್ಲ. ಬೆಳಗಿನ ಜಾವಕ್ಕೆ ಹೊಟ್ಟೆನೋವು, ಆಮೇಲೆ ಎತ್ತಲಾರದಷ್ಟು ಭಾರವಾದ ರೆಪ್ಪೆ. ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ಎಂಜಲು ನುಂಗಲಾಗುವುದಿಲ್ಲ. ಕೊನೆಗೆ ಉಸಿರಾಟದ ಸ್ನಾಯುಗಳೂ ಸೋಲುತ್ತವೆ. ಇಷ್ಟಕ್ಕೂ ವಿಷದ ಪೆಟ್ಟು ಬಿದ್ದಿರುವುದು ನರದ ತುದಿ ಸ್ನಾಯುವನ್ನು ಸಂಧಿಸುವ ಜಾಗದಲ್ಲಿ. ಅಲ್ಲಿರುವ ಸಂದು ಸುಮಾರು 50 ನ್ಯಾನೊಮೀಟರ್ ಅಷ್ಟೆ.

ನರದೊಳಗೆ ಸಂದೇಶ ವಿದ್ಯುತ್ತಾಗಿ ಓಡುತ್ತದೆ. ಆದರೆ ಈ ಸಂದನ್ನು ವಿದ್ಯುತ್ತು ದಾಟಲಾರದು. ಅದು ತುದಿ ತಲುಪಿದೊಡನೆ ಕ್ಯಾಲ್ಸಿಯಂ ಒಳನುಗ್ಗಿ, ಪುಟ್ಟ ಚೀಲಗಳಲ್ಲಿದ್ದ ಅಸಿಟೈಲ್‌ಕೋಲಿನ್ ಹೊರಬೀಳುತ್ತದೆ. ಸ್ನಾಯುವಿನ ಗ್ರಾಹಕಗಳಿಗೆ ಅದು ಅಂಟಿದಾಗ ಸ್ನಾಯು ಬಿಗಿಯುತ್ತದೆ. ಕೂಡಲೇ ಒಂದು ಕಿಣ್ವ ಅದನ್ನು ಒಡೆದು, ಮುಂದಿನ ಸಂದೇಶಕ್ಕೆ ಜಾಗ ಮಾಡಿಕೊಡುತ್ತದೆ.

ನಾಗರಹಾವಿನ ನರವಿಷ ಗ್ರಾಹಕಗಳ ಮೇಲೆ ಕೂತುಬಿಡುತ್ತದೆ. ಪ್ರತಿವಿಷದ ಜೊತೆ ನಿಯೋಸ್ಟಿಗ್ಮೀನ್ ಕೊಡುವುದು ಅದಕ್ಕೇ: ಅದು ಕಿಣ್ವವನ್ನು ತಡೆಯುತ್ತದೆ, ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ಉಳಿದು ಖಾಲಿ ಗ್ರಾಹಕ ಹುಡುಕಿಕೊಳ್ಳುತ್ತದೆ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಕೆಡಿಸುತ್ತದೆ. ಹೊರಬರಬೇಕಾದ ರಾಸಾಯನಿಕವೇ ಇಲ್ಲದಾಗ ನಿಯೋಸ್ಟಿಗ್ಮೀನ್ ಏನು ಮಾಡೀತು? ರಕ್ತದಲ್ಲಿ ಇನ್ನೂ ಸುತ್ತುತ್ತಿರುವ ವಿಷವನ್ನು ಪ್ರತಿವಿಷ ಹಿಡಿಯುತ್ತದೆ. ಕೆಟ್ಟ ತುದಿಯನ್ನು ರಿಪೇರಿ ಮಾಡಲಾರದು. ತುದಿಗಳು ಮತ್ತೆ ಚಿಗುರುವವರೆಗೆ, ಕೆಲವರಿಗೆ ದಿನಗಟ್ಟಲೆ, ವೆಂಟಿಲೇಟರೇ ಉಸಿರು.

ಮಯಸ್ತೇನಿಯಾ ಗ್ರೇವಿಸ್ ಕಾಯಿಲೆಯಲ್ಲಿ ಹಾವಿಲ್ಲ, ದೇಹದ್ದೇ ಪ್ರತಿಕಾಯಗಳು ಸಾಮಾನ್ಯವಾಗಿ ಇದೇ ಗ್ರಾಹಕಗಳ ಮೇಲೆ ಬೀಳುತ್ತವೆ. ಸಂಜೆಯಾದಂತೆ ರೆಪ್ಪೆ ಜೋಲುತ್ತದೆ. ಹೊಲಕ್ಕೆ ಹೊಡೆಯುವ ಆರ್ಗನೊಫಾಸ್ಫೇಟ್ ಕೀಟನಾಶಕ ಮೈಸೇರಿದರೆ ತೊಂದರೆ ತದ್ವಿರುದ್ಧ. ಅದು ಕಿಣ್ವವನ್ನೇ ಕಟ್ಟಿಹಾಕುವುದರಿಂದ ಅಸಿಟೈಲ್‌ಕೋಲಿನ್ ಮಿತಿಮೀರುತ್ತದೆ: ಬಾಯಿ ತುಂಬ ಜೊಲ್ಲು, ಬೆವರು, ಸಾಸಿವೆಯಷ್ಟಾದ ಪಾಪೆ, ಅದುರುವ ಸ್ನಾಯು.

ಕಟ್ಟುಹಾವು ಕಚ್ಚಿದವರ ಬಗ್ಗೆ ಮನೆಯವರು ತಿಳಿದಿರಲೇಬೇಕಾದ ಸಂಗತಿಯೊಂದಿದೆ. ಈ ವಿಷ ಮಿದುಳಿನ ಎಚ್ಚರವನ್ನು ಕೆಡಿಸುವುದಿಲ್ಲ. ಕಣ್ಣು ತೆರೆಯದೆ, ಬೆರಳು ಅಲುಗದೆ ಬಿದ್ದಿರುವ ರೋಗಿಗೆ ಸುತ್ತಲಿನ ಮಾತೆಲ್ಲ ಕೇಳುತ್ತಿರಬಹುದು. ಪಾಪೆ ಬೆಳಕಿಗೆ ಕುಗ್ಗಲಿಲ್ಲವೆಂದು ಆಸೆ ಬಿಡಬಾರದು. ಹಾವಿನ ಅನುಮಾನ ಬಂದೊಡನೆ, ಕಟ್ಟು ಬಿಗಿಯದೆ, ಗಾಯ ಕೊಯ್ಯದೆ, ನಡೆಸದೆ, ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸಿ. ನುಂಗಲಾಗದವರನ್ನು ದಾರಿಯಲ್ಲಿ ಮಗ್ಗುಲಾಗಿ ಮಲಗಿಸಿ, ಬಾಯಿಗೆ ನೀರು ಹಾಕಬೇಡಿ.