ವಿದ್ಯುತ್ ಸಾಗಣೆಯ ತಂತಿಮಾರ್ಗಗಳು

ನೆಲಮಂಗಲ, ದೊಡ್ಡಬಳ್ಳಾಪುರಗಳ ಹೊಲಗಳ ನಡುವೆ ಉಕ್ಕಿನ ಗೋಪುರಗಳ ಸಾಲುಗಳನ್ನು ನಾವು ನಿತ್ಯವೂ ಕಾಣುತ್ತೇವೆ. ಇವೆಲ್ಲವೂ ಒಂದೇ ಬಗೆಯವಲ್ಲ. ಗೋಪುರದ ತೋಳಿನಿಂದ ಇಳಿಬಿದ್ದಿರುವ ಪಿಂಗಾಣಿಯ ಅಥವಾ ಗಾಜಿನ ಬಿಲ್ಲೆಗಳನ್ನು ಎಣಿಸಿದರೆ ಮಾರ್ಗದ ವಿಭವವನ್ನು ದೂರದಿಂದಲೇ ಊಹಿಸಬಹುದು. ಸರಪಳಿಯಲ್ಲಿ ಐದಾರು ಬಿಲ್ಲೆಗಳಿದ್ದರೆ 66 ಸಾವಿರ ವೋಲ್ಟು. 13-14 ಇದ್ದರೆ 220 ಸಾವಿರ. 23ರ ಆಸುಪಾಸಿನಲ್ಲಿದ್ದರೆ 400 ಸಾವಿರ. (ಎಣಿಸುವವರು ರಸ್ತೆಯಲ್ಲಿ ನಿಂತೇ ಎಣಿಸಲಿ, ಗೋಪುರದ ಬಳಿಗೆ ಹೋಗುವುದು ಬೇಡ.)

ಇಷ್ಟು ಹೆಚ್ಚಿನ ವಿಭವವೇಕೆ? 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರು ದೂರ ವಿದ್ಯುತ್ತು ಹರಿಯಿತು. ಆಗಿನ ವಿಭವ 30 ಸಾವಿರ ವೋಲ್ಟು. ಅಷ್ಟೇ ಶಕ್ತಿಯನ್ನು ಅದೇ ತಂತಿಯಲ್ಲಿ 3 ಸಾವಿರ ವೋಲ್ಟಿನಲ್ಲಿ ಕಳುಹಿಸಬೇಕಾಗಿದ್ದರೆ ಪ್ರವಾಹವು ಹತ್ತು ಪಟ್ಟಾಗಬೇಕಿತ್ತು. ತಂತಿಯಲ್ಲಿ ಶಾಖವಾಗಿ ನಷ್ಟವಾಗುವ ಶಕ್ತಿಯು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ನಷ್ಟವು ನೂರು ಪಟ್ಟು! ಗಣಿಗಳಿಗೆ ಬೇಕಾದಷ್ಟು ಶಕ್ತಿಯನ್ನು ಮುಟ್ಟಿಸುವುದೇ ಅಸಾಧ್ಯವಾಗುತ್ತಿತ್ತು.

ಎಂಜಿನಿಯರುಗಳು ಮಾರ್ಗಗಳನ್ನು ಉದ್ದದಿಂದಲೂ ವಿಂಗಡಿಸುತ್ತಾರೆ. ಸುಮಾರು 80 ಕಿಲೋಮೀಟರಿನವರೆಗಿನದು ಹ್ರಸ್ವಮಾರ್ಗ. ಇಲ್ಲಿ ತಂತಿಯ ರೋಧವನ್ನೂ ಪ್ರೇರಕತೆಯನ್ನೂ ಲೆಕ್ಕಕ್ಕೆ ಹಿಡಿದರೆ ಸಾಕು. ಅಲ್ಲಿಂದ 250 ಕಿಲೋಮೀಟರಿನವರೆಗೆ ಮಧ್ಯಮ ಮಾರ್ಗ. ಅದನ್ನೂ ಮೀರಿದ್ದು ದೀರ್ಘಮಾರ್ಗ. ಉದ್ದವಾದಂತೆ ಹೊಸದೊಂದು ತೊಡಕು ತಲೆದೋರುತ್ತದೆ. ತಂತಿಗಳೂ ಕೆಳಗಿನ ನೆಲವೂ ಕೂಡಿ ಧಾರಕದ ಫಲಕಗಳಂತೆ ವರ್ತಿಸುತ್ತವೆ. ಆಚೆಯ ತುದಿಯಲ್ಲಿ ದೀಪವೊಂದೂ ಉರಿಯದಿದ್ದರೂ ಮಾರ್ಗವು ಪ್ರವಾಹವನ್ನು ಸೆಳೆಯುತ್ತಲೇ ಇರುತ್ತದೆ. ಮಧ್ಯರಾತ್ರಿ ಬಳಕೆಯು ಇಳಿದಾಗ ದೀರ್ಘಮಾರ್ಗದ ಕೊನೆಯಲ್ಲಿನ ವಿಭವವು ಮೊದಲಿನದಕ್ಕಿಂತ ಮೇಲೇರುವುದೂ ಉಂಟು! ಇದಕ್ಕೆ ಫೆರಾಂಟಿ ಪರಿಣಾಮವೆಂದು ಹೆಸರು. ಏರಿಕೆಯನ್ನು ತಡೆಯಲು ಉಪಕೇಂದ್ರಗಳಲ್ಲಿ ದೊಡ್ಡ ಪ್ರೇರಕ ಸುರುಳಿಗಳನ್ನು ಜೋಡಿಸುತ್ತಾರೆ. ಶಿವನಸಮುದ್ರದ ಮಾರ್ಗವು ಉದ್ದದಲ್ಲಿ ಮಧ್ಯಮವಾದರೂ ಆಗಿನ ಆವೃತ್ತಿ ಸೆಕೆಂಡಿಗೆ 25 ಮಾತ್ರವಾಗಿದ್ದುದರಿಂದ, ಇಂದಿನ 50ರಲ್ಲಿ ಸೆಳೆಯಬಹುದಾಗಿದ್ದ ಧಾರಕ ಪ್ರವಾಹದ ಅರ್ಧವನ್ನಷ್ಟೇ ಅದು ಸೆಳೆಯುತ್ತಿತ್ತು.

ಏಕಮುಖ ಪ್ರವಾಹದಲ್ಲಾದರೋ ಈ ತೊಡಕೇ ಇಲ್ಲ. ಧಾರಕವು ಒಮ್ಮೆ ತುಂಬಿದರೆ ಮುಗಿಯಿತು. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಸುಮಾರು 1,370 ಕಿಲೋಮೀಟರು ಉದ್ದದ ಇಂಥ ಮಾರ್ಗವೊಂದು 2003ರಲ್ಲಿ ಆರಂಭವಾಯಿತು. ಇದರಲ್ಲಿ ಒಂದು ಧ್ರುವ ಧನ 500 ಸಾವಿರ ವೋಲ್ಟು, ಇನ್ನೊಂದು ಋಣ 500 ಸಾವಿರ ವೋಲ್ಟು. ಪ್ರವಾಹವನ್ನು ಮಾರ್ಪಡಿಸುವ ಎರಡು ತುದಿಗಳ ಯಂತ್ರಗಳು ಬಹಳ ದುಬಾರಿಯಾದುದರಿಂದ ಹತ್ತಿರದ ಊರುಗಳಿಗೆ ಈ ವಿಧಾನವು ಲಾಭದಾಯಕವಲ್ಲ. ಕೋಲಾರದ ಕೇಂದ್ರದಲ್ಲಿ ಅದು ಮರಳಿ ವ್ಯತ್ಯಯ ಪ್ರವಾಹವಾಗಿ, 400 ಸಾವಿರ ವೋಲ್ಟಿನ ಮಾರ್ಗಗಳನ್ನು ಸೇರುತ್ತದೆ.