ವೀರಗಲ್ಲಿನ ಸ್ವರ್ಗ, ವರುಣನ ಸಮಾಧಿ

ಬಿಟಿಎಂ ಬಡಾವಣೆಯಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ದೂರದ ಬೇಗೂರು ಗಂಗರ ಕಾಲದ ಊರು. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನವು ಬೆಂಗಳೂರು ಕಾಳಗದಲ್ಲಿ ನಾಗತ್ತರನ ಮಗ ಬುಟ್ಟಣಸೆಟ್ಟಿ ಮಡಿದನೆಂದು ತಿಳಿಸುತ್ತದೆ. ಬೆಂಗಳೂರೆಂಬ ಹೆಸರು, ತಿಳಿದ ಮಟ್ಟಿಗೆ, ಕಲ್ಲಿನಲ್ಲಿ ಮೊದಲು ಕಾಣಿಸಿಕೊಂಡದ್ದೇ ಒಂದು ಯುದ್ಧದ ಸಾವಿನೊಡನೆ! ನಾಗತ್ತರನೂ ಗಂಗ ದೊರೆ ಎರೆಯಪ್ಪನ ಪರವಾಗಿ ವೀರಮಹೇಂದ್ರನ ಸೇನೆಯೊಡನೆ ಹೋರಾಡಿ ಅಳಿದನು. ಅವನ ವೀರಗಲ್ಲು ಈಗ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿದೆ. ಅದೇ ನಾಗತ್ತರನ ಮಗಳು ತೊಂಡಬ್ಬೆ ಸಲ್ಲೇಖನದಿಂದ ದೇಹ ತೊರೆದಳೆಂದು ಬೇಗೂರಿನ ಇನ್ನೊಂದು ಶಾಸನ ಹೇಳುತ್ತದೆ.

ಒಂದೇ ಮನೆಯ ಮೂರು ಮರಣಗಳಿವು. ಗಂಗರು ಜಿನಧರ್ಮದ ಪೋಷಕರೆಂಬುದನ್ನೂ ಇಲ್ಲಿ ಮರೆಯಬಾರದು.

ಕಾಳಗದಲ್ಲಿ ಬಿದ್ದವನಿಗೆ ಸ್ವರ್ಗ ನಿಶ್ಚಿತವೆಂಬುದು ವೀರಗಲ್ಲುಗಳ ಸಾಮಾನ್ಯ ನಂಬಿಕೆ. ಗೌತಮ ಗಣಧರರು ಇದನ್ನೇ ಭಗವಾನ್ ಮಹಾವೀರರ ಮುಂದಿಟ್ಟ ಪ್ರಸಂಗ ಶ್ವೇತಾಂಬರ ಆಗಮವಾದ ಭಗವತೀ ಸೂತ್ರದಲ್ಲಿದೆ. ಕೂಣಿಕನಿಗೂ ವೈಶಾಲಿಯ ಚೇಟಕನಿಗೂ ಘೋರ ಯುದ್ಧ ನಡೆದ ಕಾಲವದು. ಭಗವಾನರ ಉತ್ತರ ನಿಷ್ಠುರವಾದುದು: ಆ ಮಾತು ಮಿಥ್ಯೆ, ಕ್ರೋಧದಲ್ಲಿ ಸತ್ತವರಲ್ಲಿ ಬಹುತೇಕರಿಗೆ ದೊರೆತದ್ದು ನರಕ ಮತ್ತು ತಿರ್ಯಂಚ ಗತಿಗಳು. ದೇವಗತಿ ಪಡೆದವನು ವರುಣನೆಂಬ ಶ್ರಾವಕ. ಅರಸನ ಆಜ್ಞೆಯಂತೆ ರಣಕ್ಕೆ ಹೋದರೂ, ಮೊದಲು ತನ್ನ ಮೇಲೆ ಪ್ರಹಾರ ಮಾಡದವನಿಗೆ ಬಾಣ ಬಿಡೆನೆಂಬ ನಿಯಮ ಅವನದು. ಗಾಯಗೊಂಡಾಗ ರಥವನ್ನು ರಣದಿಂದಾಚೆ ಒಯ್ದು, ಕುದುರೆಗಳನ್ನು ಬಿಡಿಸಿ, ದರ್ಭೆಯ ಹಾಸಿನ ಮೇಲೆ ಕುಳಿತು ಸಮಾಧಿಮರಣವನ್ನಪ್ಪಿದನು. ದೇವತೆಗಳು ಅವನ ಮೇಲೆ ಹೂಮಳೆ ಸುರಿಸಿದರು. ಅದನ್ನು ಕಂಡ ಜನ, ರಣದಲ್ಲಿ ಸತ್ತವರಿಗೆಲ್ಲ ಸ್ವರ್ಗವೆಂದು ತಿಳಿದುಬಿಟ್ಟರು! ವರುಣನಿಗೆ ಸದ್ಗತಿ ತಂದದ್ದು ಕಾಳಗವಲ್ಲ, ಕಾಳಗವನ್ನು ಬಿಟ್ಟುಬಂದ ಆ ಕೊನೆಯ ಗಳಿಗೆ.

ಆ ಯುದ್ಧ ಹುಟ್ಟಿದ್ದು ಸೇಚನಕವೆಂಬ ಆನೆ ಮತ್ತು ಹದಿನೆಂಟೆಳೆಯ ಒಂದು ಹಾರದ ಆಸೆಯಿಂದ. ಅಳಿದವರು ಆಗಮದ ಲೆಕ್ಕದಲ್ಲಿ 1 ಕೋಟಿ 80 ಲಕ್ಷ. ಮಡಿದವರ ಶೌರ್ಯವನ್ನಷ್ಟೇ ನೆನೆದು ಆನೆಯನ್ನೂ ಹಾರವನ್ನೂ ಮರೆತರೆ, ಮುಂದಿನ ಯುದ್ಧಕ್ಕೆ ಆಗಲೇ ದಾರಿಯಾಗುತ್ತದೆ. ಬುಟ್ಟಣಸೆಟ್ಟಿಯ ಎದುರು ಬಿದ್ದವರನ್ನೂ ನೆನೆಯಬೇಕಾದದ್ದು ಜೈನರ ಕ್ಷಮಾವಾಣಿಯ ರೀತಿ; ಅಲ್ಲಿ ಸಕಲ ಜೀವಿಗಳಲ್ಲೂ ಕ್ಷಮೆ ಬೇಡಲಾಗುತ್ತದೆ, ವೈರಿ ಅದಕ್ಕೆ ಹೊರತಲ್ಲ.

ಯುದ್ಧ ತಡೆದವರ ನೆನಪೂ ನಮ್ಮಲ್ಲಿದೆ. ಭರತ–ಬಾಹುಬಲಿಯರ ಸೇನೆಗಳು ಎದುರಾದಾಗ ಮಂತ್ರಿಗಳು ವಿಚಾರ ಮಾಡಿದ್ದನ್ನು ಜಿನಸೇನಾಚಾರ್ಯರ ಆದಿಪುರಾಣ ವಿವರಿಸುತ್ತದೆ: ಅಣ್ಣತಮ್ಮಂದಿರಿಬ್ಬರೂ ಚರಮದೇಹಿಗಳು, ಅವರಿಗೇನೂ ಆಗದು, ಸಾಯುವವರು ಸೈನಿಕರು ಮಾತ್ರ. ಆದ್ದರಿಂದ ದೃಷ್ಟಿ, ಜಲ, ಮಲ್ಲಯುದ್ಧಗಳಲ್ಲಿ ಅವರಿಬ್ಬರೇ ಸೆಣಸಲೆಂದು ಒಪ್ಪಿಸಿದರು. ಎರಡೂ ಕಡೆಯ ಪಡೆಗಳು ಆಯುಧವೆತ್ತದೆ ನೋಡುತ್ತ ನಿಂತವು.