ಗಾಳಿಯ ಕಾಲುವೆ ಮತ್ತು ಕೆರೆಯ ತೂಬು

ಕಟ್ಟಡಗಳೊಳಗೆ ಕೊಳವೆಗಳ ಮೂಲಕ ಗಾಳಿಯನ್ನು ಹರಿಯಿಸಿ, ಅದರ ಪ್ರಮಾಣವನ್ನು ಬೇಕಾದಂತೆ ಹೆಚ್ಚುಕಡಮೆ ಮಾಡುವ ವಿದ್ಯೆಗೆ ಕನ್ನಡದಲ್ಲಿ ನೆಲೆಗೊಂಡ ಪರಿಭಾಷೆಯಿಲ್ಲ. ಡಕ್ಟ್, ಡ್ಯಾಂಪರ್, ಬೈಪಾಸ್ ಎಂಬ ಮಾತುಗಳೇ ಕೆಲಸಗಾರರ ಬಾಯಲ್ಲಿ ನಡೆಯುತ್ತಿವೆ. ಆದರೆ ಹರಿಯುವ ವಸ್ತುವನ್ನು ಹಂಚಿಕೊಡುವ ವಿಷಯದಲ್ಲಿ ಕನ್ನಡವು ಬಡ ಭಾಷೆಯಲ್ಲ. ತೂಬು, ಕೋಡಿ, ಕಾಲುವೆ, ನೀರಗಂಟಿ ಎಂಬ ಮಾತುಗಳು ಕೆರೆಯ ಬೇಸಾಯದಿಂದ ಬಂದುವು. ಕೆಂಗೇರಿಯ ಕಡೆಯ ಒಕ್ಕಲಿಗನಿಗೂ ಇವು ಮನೆಮಾತು. ಇವನ್ನು ಗಾಳಿಗೆ ಹೊಂದಿಸಬಹುದೆ, ಹೊಂದಿಸಿದರೆ ಎಲ್ಲಿಯವರೆಗೆ ಸಲ್ಲುತ್ತವೆ ಎಂಬುದು ವಿಚಾರಾರ್ಹವಾಗಿದೆ.

ಬೆಂಗಳೂರಿನ ಪಶ್ಚಿಮಭಾಗದ ರಾಜಾಜಿನಗರ, ವಿಜಯನಗರಗಳ ಹಳೆಯ ಮನೆಗಳಲ್ಲಿ ಈ ವಿದ್ಯೆಯ ಅಗತ್ಯವೇ ಇರಲಿಲ್ಲ. ಕೆಳಗೆ ಕಿಟಕಿ, ಸೂರಿನ ಬಳಿ ಗಾಳಿಕಿಂಡಿ. ಬಿಸಿಯಾದ ಗಾಳಿ ಹಗುರಾಗಿ ಮೇಲಿನ ಕಿಂಡಿಯಿಂದ ಹೊರಟರೆ ತಂಪಾದುದು ಕೆಳಗಿನಿಂದ ಒಳಸೇರುವುದು. ಶೀತದೇಶಗಳ ಗ್ರಂಥಗಳಲ್ಲಿ ಬಹುಭಾಗವನ್ನು ಆಕ್ರಮಿಸುವ ಮನೆ ಕಾಯಿಸುವ ವಿಚಾರವಂತೂ ಇಲ್ಲಿಗೆ ಬೇಡ. ಗಾಜಿನ ಗೋಡೆಯ ಮಳಿಗೆ, ಚಿತ್ರಮಂದಿರ, ಶಸ್ತ್ರಚಿಕಿತ್ಸೆಯ ಕೊಠಡಿಗಳಲ್ಲಾದರೋ ಕಿಟಕಿಯನ್ನು ತೆರೆಯುವಂತಿಲ್ಲ. ಗಾಳಿಯನ್ನು ಕೊಳವೆಯಿಂದಲೇ ತರಬೇಕು. ಇನ್ನೊಂದು ವಿಶೇಷವುಂಟು: ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಹತ್ತರಲ್ಲೊಂದು ಪಾಲಿನಷ್ಟು ತೆಳು. ಚೆನ್ನೈಗೆಂದು ಹಾಕಿದ ಗಾಳಿಯ ಲೆಕ್ಕವನ್ನು ಇಲ್ಲಿ ಹಾಗೆಯೇ ಇಳಿಸಿದರೆ ಅದೇ ಶಾಖವನ್ನು ಹೊರಲು ಗಾಳಿ ಸಾಲದೆ ಹೋಗುತ್ತದೆ.

ದೊಡ್ಡ ಕೊಳವೆಯನ್ನು ಕಾಲುವೆ ಎನ್ನಬಹುದು. ಅದರ ಕವಲುಗಳಲ್ಲಿ ಅಚ್ಚಿನ ಮೇಲೆ ತಿರುಗಿ ದಾರಿಯನ್ನು ಕಿರಿದುಮಾಡುವ ತಗಡಿನ ಹಲಗೆಯೇ ತೂಬು. ಹೆಚ್ಚಾದ ಗಾಳಿಯನ್ನು ಕೊಠಡಿಗೆ ಬಿಡದೆ ಹಿಂದಕ್ಕೆ ಕಳುಹಿಸುವ ಮಾರ್ಗವು ಕೋಡಿ. ಇಷ್ಟರಮಟ್ಟಿಗೆ ಹೋಲಿಕೆ ಸೊಗಸಾಗಿ ಕೂಡುತ್ತದೆ.

ಆದರೆ ತೂಬೆಂಬ ಮಾತಿನ ಹಿಂದೆ ಒಂದು ಭಾವನೆ ಅಡಗಿದೆ: ತೂಬನ್ನು ಮುಚ್ಚಿದರೆ ನೀರು ಉಳಿಯಿತು. ಕೆರೆಯ ನೀರನ್ನು ತಗ್ಗಿಗೆ ಎಳೆಯುವುದು ಭೂಮಿಯ ಆಕರ್ಷಣೆ, ಅದಕ್ಕೆ ಬೆಲೆಯಿಲ್ಲ. ಗಾಳಿಗೆ ಕೆರೆಯೇ ಇಲ್ಲ. ವಿದ್ಯುತ್ತಿನ ಬೀಸಣಿಗೆಯೊಂದು ಎಡೆಬಿಡದೆ ಅದನ್ನು ತಳ್ಳುತ್ತಿರಬೇಕು. ಹಲಗೆಯನ್ನು ಮುಚ್ಚುತ್ತ ಬಂದರೆ ಗಾಳಿ ಕಡಮೆಯಾಗುವುದು ನಿಜ, ಆದರೆ ಬೀಸಣಿಗೆಯು ತಡೆಯನ್ನೇ ತಳ್ಳುತ್ತ ನಿಲ್ಲುತ್ತದೆ. ವೆಚ್ಚವು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಕಿರಿದಾದ ಸಂದಿಯಲ್ಲಿ ಗಾಳಿಯ ವೇಗವು ಇಮ್ಮಡಿಯಾದರೆ ಅಲ್ಲಿ ನಷ್ಟವಾಗುವ ಒತ್ತಡವು ನಾಲ್ಮಡಿಯಾಗುತ್ತದೆ. ಸಿಳ್ಳಿನ ಸದ್ದೂ ಅಲ್ಲಿಂದಲೇ. ಇದಕ್ಕೆ ಬದಲು ಬೀಸಣಿಗೆಯ ವೇಗವನ್ನೇ ತಗ್ಗಿಸಿದರೆ ಫಲ ಬೇರೆ. ಕೊಳವೆ ಬದಲಾಗದಿದ್ದಲ್ಲಿ ಗಾಳಿಯ ಪ್ರಮಾಣವು ವೇಗವನ್ನೂ, ಶಕ್ತಿಯ ವೆಚ್ಚವು ವೇಗದ ಘನವನ್ನೂ ಅನುಸರಿಸುತ್ತವೆ. ವೇಗವನ್ನು ಐದರಲ್ಲಿ ನಾಲ್ಕು ಪಾಲಿಗೆ ಇಳಿಸಿದರೆ ಗಾಳಿಯೂ ಅಷ್ಟೇ ಆದೀತು, ವೆಚ್ಚವಾದರೋ ಸುಮಾರು ಅರ್ಧಕ್ಕೆ ಬಂದೀತು. ಅರೆವೇಗಕ್ಕೆ ಎಂಟರಲ್ಲೊಂದೇ ಪಾಲು.

ಹಾಗಾದರೆ ತೂಬು ವ್ಯರ್ಥವೆ? ಅಲ್ಲ. ಯಾವ ಕವಲಿಗೆ ಎಷ್ಟು ಎಂಬ ಹಂಚಿಕೆ ತೂಬಿನದು. ಒಟ್ಟು ಎಷ್ಟು ಎಂಬುದು ಬೀಸಣಿಗೆಯದು. ಕೊಳವೆಯ ಒತ್ತಡವನ್ನು ಅಳೆದು, ತೂಬುಗಳು ಮುಚ್ಚಿಕೊಳ್ಳುತ್ತಿರುವುದನ್ನು ತಿಳಿದು ಬೀಸಣಿಗೆಯನ್ನು ನಿಧಾನಗೊಳಿಸುವ ಯಂತ್ರವೇ ಇಲ್ಲಿನ ನೀರಗಂಟಿ. ಹಳ್ಳಿಯ ನೀರಗಂಟಿಗೆ ಮಳೆಯ ಮೇಲೆ ಅಧಿಕಾರವಿರಲಿಲ್ಲ. ಇವನಿಗೆ ಅದೂ ಉಂಟು.

ಕೆರೆಯ ಮಾತು ಪೂರ್ತಿಯಾಗಿ ಸೋಲುವ ಸ್ಥಳವೂ ಹತ್ತಿರದಲ್ಲೇ ಇದೆ. ಕೆಂಗೇರಿಯಿಂದ ವಿಜಯನಗರದ ಮೇಲೆ ಬರುವ ಮೆಟ್ರೋ ರೈಲು ಮಾಗಡಿ ರಸ್ತೆಯ ನಿಲ್ದಾಣವನ್ನು ದಾಟಿ ನೆಲದೊಳಕ್ಕೆ ಇಳಿಯುತ್ತದೆ. ಆ ಸುರಂಗಮಾರ್ಗದ ಸಂಚಾರವು 2016ರ ಏಪ್ರಿಲಿನಲ್ಲಿ ಪ್ರಾರಂಭವಾಯಿತು. ಸುರಂಗದಲ್ಲಿ ಓಡುವ ರೈಲು ಪಿಚಕಾರಿಯ ದಂಡದಂತೆ ಮುಂದಿನ ಗಾಳಿಯನ್ನು ನೂಕಿ ಹಿಂದಿನದನ್ನು ಎಳೆಯುತ್ತದೆ. ಇಂಥ ಸುರಂಗಗಳಲ್ಲಿ ಬೆಂಕಿ ಎದ್ದರೆ ಹೊಗೆಯನ್ನು ಒಂದು ದಿಕ್ಕಿಗೆ ಅಟ್ಟಿ, ಜನರನ್ನು ಗಾಳಿ ಬರುವ ದಿಕ್ಕಿಗೆ ನಡೆಸಬೇಕು. ಆಗ ಉಳಿತಾಯದ ಮಾತಿಲ್ಲ. ಬೆಂಕಿ ಎಲ್ಲಿ ಎಂಬುದರ ಮೇಲೆ ಬೀಸಣಿಗೆಯು ಊದಲೂ ಬೇಕು, ಹೀರಲೂ ಬೇಕು. ತೂಬುಗಳು ಅದಕ್ಕೆ ತಕ್ಕಂತೆ ತೆರೆದು ಮುಚ್ಚಬೇಕು. ಇಳಿಜಾರನ್ನೇ ನಂಬಿದ ಕಾಲುವೆಯ ಭಾಷೆಯಲ್ಲಿ ಹರಿವು ಹಿಂದಿರುಗುವುದಕ್ಕೆ ಹೆಸರಿಲ್ಲ. ಈ ಯಂತ್ರಕ್ಕೆ ‘ಇಮ್ಮೊಗಬೀಸಣಿಗೆ’ ಎಂಬ ಮಾತು ಸಲ್ಲಬಹುದು.